ದುಡ್ಡು ಕೊಟ್ಟು ತಂದ ಪೆಟ್ಟಿಗೆಯೊಳಗಿನ ಬೀಗ: ಆಸಿಲೋಸ್ಕೋಪಿನ ಪುಟ್ಟ ಚರಿತ್ರೆ

ಹೋದ ತಿಂಗಳು ನನ್ನ ಆಡಿಯೊ ಮಿಕ್ಸರ್‌ನ ಪವರ್ ಅಡಾಪ್ಟರ್ ಕೈಕೊಟ್ಟಿತು. ಅದೇ ಮಾದರಿಯದ್ದು ಹೊಸದು ಸಿಗಲಿಲ್ಲ. ಹಾಗಾಗಿ ಬೆಂಗಳೂರಿನ ಎಸ್‌.ಪಿ. ರೋಡಿನ ಒಂದು ಓಣಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಒಂದು ರಿಪೇರಿ ಅಂಗಡಿಗೆ ಹೋದೆ. ಅಣ್ಣ ಅಡಾಪ್ಟರನ್ನು ಬಿಚ್ಚಿ ಕೂತರು. ಅವರ ಮೇಜಿನ ಮೇಲೆ ಎರಡು ಯಂತ್ರ ಇದ್ದವು. ಒಂದು, ಸೂಟ್‌ಕೇಸಿನಷ್ಟು ದಪ್ಪದ, ಹಸಿರು ಪರದೆಯ ಹಳೇ ಸಿಆರ್‌ಒ. ಇನ್ನೊಂದು ಏಳಿಂಚಿನ ಟಚ್‌ಸ್ಕ್ರೀನ್ ಇರುವ ಪುಟ್ಟ ಡಿಜಿಟಲ್ ಸ್ಕೋಪು, ಹಳೆಯದರ ತಲೆ ಮೇಲೇ ಕೂತಿತ್ತು. ತಾತನ ಹೆಗಲ ಮೇಲೆ ಮೊಮ್ಮಗು ಕೂತ ಹಾಗೆ.

ನನ್ನ ಕಣ್ಣಿಗೆ ಬಿದ್ದಿದ್ದು ಹಳೇ ಯಂತ್ರದ ಪ್ಲಗ್ಗು. ಮೂರು ಪಿನ್ ಇರಬೇಕಾದ ಕಡೆ ಎರಡೇ ಇತ್ತು. ಮೇಲಿನ ದಪ್ಪ ಪಿನ್ನನ್ನು, ಅಂದ್ರೆ ಅರ್ಥ್ ಪಿನ್ನನ್ನು, ಗರಗಸದಲ್ಲಿ ಕೊಯ್ದು ತೆಗೆದಿದ್ದರು. ಮುರಿದು ಹೋಗಿದ್ದಲ್ಲ, ನೀಟಾಗಿ ಕೊಯ್ದಿದ್ದು. ಯಾಕಣ್ಣ ಅಂತ ಕೇಳಿದೆ. ಅವರು ಬಾಯಲ್ಲಿ ಏನೂ ಹೇಳದೆ ಎಡಗೈ ಹೆಬ್ಬೆರಳು ತೋರಿಸಿದರು. ಉಗುರಿನ ಪಕ್ಕ ಒಂದು ಬಿಳಿ ಸುಟ್ಟ ಗಾಯದ ಕಲೆ.

ನಾನು ಬಿಕಾಂ ಓದಿದವಳು. ಆಸಿಲೋಸ್ಕೋಪ್ ಅನ್ನೋ ಪದ ಪಿಯುಸಿಯಲ್ಲಿ ಸೈನ್ಸ್ ತಗೊಂಡ ಗೆಳತಿಯ ಲ್ಯಾಬ್ ರೆಕಾರ್ಡಿನಲ್ಲಿ ನೋಡಿದ್ದು ಬಿಟ್ಟರೆ ನನಗೆ ಪರಿಚಯವಿರಲಿಲ್ಲ. ಆದರೆ ಆ ಕೊಯ್ದ ಪಿನ್ನು ತಲೆಯಲ್ಲಿ ಕೂತುಬಿಟ್ಟಿತು. ಓದ್ತಾ ಹೋದ ಹಾಗೆ ಈ ಯಂತ್ರದ ಚರಿತ್ರೆ ಪೂರ್ತಿ ಇಂಥದ್ದೇ ಕಥೆ ಅನ್ನಿಸಿತು: ಕಂಪನಿ ಕೊಟ್ಟ ಹಾಗೆ ಯಾರೂ ಬಳಸಿಲ್ಲ. ಯಾರೋ ಏನನ್ನೋ ಕೊಯ್ದಿದ್ದಾರೆ, ಯಾರೋ ಏನನ್ನೋ ಸೇರಿಸಿದ್ದಾರೆ, ಯಾರೋ ಬೀಗ ತೆಗೆದಿದ್ದಾರೆ.

ಮೊದಲಿಂದ ಶುರು ಮಾಡೋಣ. ವಿದ್ಯುತ್ತು ಕಣ್ಣಿಗೆ ಕಾಣೋದಿಲ್ಲ. ಮೀಟರಿನ ಮುಳ್ಳು ತೋರಿಸೋದು ಒಂದು ಸಂಖ್ಯೆ ಮಾತ್ರ. ಆದರೆ ವೋಲ್ಟೇಜು ಕ್ಷಣಕ್ಷಣಕ್ಕೂ ಏರಿಳಿಯುತ್ತಿರುತ್ತದೆ, ಆ ಏರಿಳಿತದ ಆಕಾರ ನೋಡಿದರೆ ತಾನೇ ಒಳಗೇನಾಗಿದೆ ಅಂತ ಗೊತ್ತಾಗೋದು? 1897ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬರ್ಗ್‌ನಲ್ಲಿ, ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ಭೌತವಿಜ್ಞಾನಿ ಗಾಜಿನ ಕೊಳವೆಯೊಳಗೆ ಕ್ಯಾಥೋಡ್ ಕಿರಣಗಳನ್ನು ಬಾಗಿಸಿ, ಹೊಳೆಯುವ ಪರದೆಯ ಮೇಲೆ ಆ ಆಕಾರ ಮೂಡಿಸಿದ. ಕಿರಣಕ್ಕೆ ತೂಕವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಮುಳ್ಳಿನಂತೆ ಹಿಂದೆ ಬೀಳುವುದಿಲ್ಲ. ಮುಂದೆ ಟಿವಿ ಆಗಿದ್ದೂ ಇದೇ ಕೊಳವೆ. ಬ್ರೌನ್‌ಗೆ 1909ರಲ್ಲಿ ನೊಬೆಲ್ ಬಂತು, ಮಾರ್ಕೋನಿ ಜೊತೆ. ತಮಾಷೆ ಅಂದ್ರೆ ಅದು ಈ ಕೊಳವೆಗಲ್ಲ, ನಿಸ್ತಂತು ತಂತಿ ಸಂದೇಶದ ಕೆಲಸಕ್ಕೆ.

ಆಮೇಲಿನ ಅರ್ಧ ಶತಮಾನ ಈ ಯಂತ್ರ ಚಿತ್ರ ತೋರಿಸುತ್ತಿತ್ತೇ ಹೊರತು ಚಿತ್ರ ನಿಲ್ಲುತ್ತಿರಲಿಲ್ಲ. ಪರದೆಯ ಮೇಲೆ ಅಲೆ ಎಡಕ್ಕೋ ಬಲಕ್ಕೋ ಜಾರುತ್ತಲೇ ಇರುತ್ತಿತ್ತು. ಗುಂಡಿ ತಿರುಗಿಸಿ ತಿರುಗಿಸಿ ಅದನ್ನು ಹಿಡಿದು ನಿಲ್ಲಿಸಬೇಕಿತ್ತು. ಇದಕ್ಕೆ ಪರಿಹಾರ ಬಂದದ್ದು ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್‌ನಿಂದ. ಹೊವರ್ಡ್ ವೊಲಮ್ ಮತ್ತು ಜ್ಯಾಕ್ ಮರ್ಡಾಕ್ 1946ರಲ್ಲಿ ಟೆಕ್ಟ್ರಾನಿಕ್ಸ್ ಕಂಪನಿ ಕಟ್ಟಿದರು. ವೊಲಮ್ ಯುದ್ಧಕಾಲದಲ್ಲಿ ರಾಡಾರ್ ಕೆಲಸ ಮಾಡಿ ಬಂದವನು, ಮರ್ಡಾಕ್ ರೇಡಿಯೊ ಅಂಗಡಿ ಇಟ್ಟಿದ್ದವನು. ಮಾರನೇ ವರ್ಷ ಇವರ 511 ಎಂಬ ಮಾದರಿ ಮಾರುಕಟ್ಟೆಗೆ ಬಂತು. ಅಲೆ ಒಂದು ನಿರ್ದಿಷ್ಟ ಎತ್ತರ ಮುಟ್ಟಿದಾಗಲೇ ಕಿರಣ ಎಡದಿಂದ ಓಟ ಶುರು ಮಾಡಬೇಕು, ಅಲ್ಲೀತನಕ ಕಾಯಬೇಕು, ಇದು ಅದರ ಹೂರಣ. ಇದನ್ನೇ ಟ್ರಿಗರ್ ಅಂತಾರೆ. ಪ್ರತಿ ಸಲವೂ ಓಟ ಒಂದೇ ಜಾಗದಲ್ಲಿ ಶುರುವಾಗೋದರಿಂದ ಚಿತ್ರ ಕಲ್ಲಿನಂತೆ ನಿಲ್ಲುತ್ತದೆ. ಬೆಲೆ 795 ಡಾಲರ್. ಆ ಕಾಲಕ್ಕೆ ದೊಡ್ಡ ಮೊತ್ತವೇ, ಆದರೆ ಇಷ್ಟು ನಿಖರವಾಗಿ ಅಳೆಯುವ ಇನ್ನೊಂದು ಯಂತ್ರ ಆ ಬೆಲೆಗೆ ಇರಲಿಲ್ಲ. ಇವತ್ತಿನ ಟಚ್‌ಸ್ಕ್ರೀನಿನಲ್ಲೂ ಮೂಲೆಯಲ್ಲಿ ಸಣ್ಣ ತ್ರಿಕೋನದ ಗುರುತಿನ ಟ್ರಿಗರ್ ಇದ್ದೇ ಇರುತ್ತೆ. ಎಪ್ಪತ್ತೈದು ವರ್ಷ ದಾಟಿದ ಐಡಿಯಾ ಅದು.

ಡಿಜಿಟಲ್ ಕಾಲಕ್ಕೆ ಬೇಗ ಬೇಗ ಬರ್ತೀನಿ. ಅಮೆರಿಕದ ಮ್ಯಾಡಿಸನ್ ಊರಿನ ನಿಕೊಲೆಟ್ ಕಂಪನಿ, ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯಕ್ಕೆ ಉಪಕರಣ ಮಾಡಿಕೊಡುತ್ತಿದ್ದ ವಾಲ್ಟರ್ ಲೆಕ್ರಾಯ್, ಇವರೆಲ್ಲ 1970ರ ದಶಕದಲ್ಲಿ ಅಲೆಯನ್ನು ಸಂಖ್ಯೆಗಳಾಗಿ ಕತ್ತರಿಸಿ ಮೆಮೊರಿಯಲ್ಲಿ ಇಡುವ ದಾರಿ ಹಾಕಿದರು. ಒಂದು ಸೆಕೆಂಡಿಗೆ ಎಷ್ಟು ಸಲ ಕತ್ತರಿಸ್ತೀರಿ ಅನ್ನೋದೇ ಸ್ಯಾಂಪ್ಲಿಂಗ್. ಎಷ್ಟು ವೇಗದ ಅಲೆಯನ್ನು ಮೊಂಡಾಗಿಸದೆ ಒಳಗೆ ಬಿಟ್ಟುಕೊಳ್ಳುತ್ತೆ ಅನ್ನೋದು ಬ್ಯಾಂಡ್‌ವಿಡ್ತ್, ಮೆಗಾಹರ್ಟ್ಸ್ ಲೆಕ್ಕದಲ್ಲಿ. ಈ ಎರಡು ಪದ ನೆನಪಿಟ್ಟುಕೊಳ್ಳಿ, ಮುಂದಿನ ಜಗಳವೆಲ್ಲ ಇವೆರಡರ ಮೇಲೇ.

ಟಚ್‌ಸ್ಕ್ರೀನ್ ಹೊಸದು ಅಂದುಕೊಂಡಿದ್ದೀರಾ? ನಾನೂ ಹಾಗೇ ಅಂದುಕೊಂಡಿದ್ದೆ. 1980ರ ದಶಕದ ಉತ್ತರಾರ್ಧದಲ್ಲೇ ಟೆಕ್ಟ್ರಾನಿಕ್ಸ್‌ನ 11000 ಸರಣಿಯ ಸ್ಕೋಪುಗಳ ಪರದೆ ಮುಟ್ಟಿ ಕೆಲಸ ಮಾಡಿಸಬಹುದಿತ್ತು. ಪರದೆಯ ಅಂಚಿನಲ್ಲಿ ಕಣ್ಣಿಗೆ ಕಾಣದ ಅತಿಗೆಂಪು ಕಿರಣಗಳ ಬಲೆ, ಬೆರಳು ಅಡ್ಡ ಬಂದರೆ ಎಲ್ಲಿ ಬಂತು ಅಂತ ಗೊತ್ತಾಗುತ್ತಿತ್ತು. ಆದರೆ ಅವು ದೊಡ್ಡ ಸಂಸ್ಥೆಗಳ ಪ್ರಯೋಗಾಲಯದ ಯಂತ್ರಗಳು. ಮನೆಯಲ್ಲಿ ರೇಡಿಯೊ ಬಿಚ್ಚುವವನಿಗೂ ಅವಕ್ಕೂ ಸಂಬಂಧವೇ ಇರಲಿಲ್ಲ. 1990ರ ದಶಕದ ಕೊನೆಗೆ ಅದೇ ಕಂಪನಿಯ ಟಿಡಿಎಸ್ 210 ಸುಮಾರು ಸಾವಿರ ಡಾಲರಿಗೆ ಬಂದಾಗ, ಎಲ್‌ಸಿಡಿ ಪರದೆಯ ಹಗುರ ಸ್ಕೋಪು ಅಂತ ಜನ ಬಾಯಿ ಬಿಟ್ಟು ನೋಡಿದರಂತೆ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಇಲ್ಲಿ ನನ್ನ ಬಿಕಾಂ ಸ್ವಲ್ಪ ಉಪಯೋಗಕ್ಕೆ ಬರುತ್ತೆ.

ಚೀನಾದ ರಿಗೋಲ್ ಕಂಪನಿ ಶುರುವಾಗಿದ್ದು 1998ರಲ್ಲಿ. ಅದರ ಡಿಎಸ್1052ಇ ಎಂಬ 50 ಮೆಗಾಹರ್ಟ್ಸ್ ಸ್ಕೋಪನ್ನು ಆಸ್ಟ್ರೇಲಿಯಾದ ಎಂಜಿನಿಯರ್ ಡೇವ್ ಜೋನ್ಸ್ ಕ್ಯಾಮೆರಾ ಮುಂದೆ ಬಿಚ್ಚಿದರು. ಒಳಗೆ ಇದ್ದದ್ದು ಎರಡು ಅಚ್ಚರಿ. ಒಂದನೆಯದು: ಸೆಕೆಂಡಿಗೆ 4 ಕೋಟಿ ಸಲ ಮಾತ್ರ ಅಳೆಯಲು ಅಂತ ಮಾರಾಟವಾಗುವ ಅನಲಾಗ್-ಡಿಜಿಟಲ್ ಚಿಪ್‌ಗಳನ್ನು ಕಂಪನಿ 10 ಕೋಟಿ ಸಲ ಓಡಿಸುತ್ತಿತ್ತು! ಒಂದೊಂದರಲ್ಲಿ ಎರಡು ಪರಿವರ್ತಕ ಇರುವ ಐದು ಚಿಪ್ಪು, ಸರದಿಯ ಮೇಲೆ ಓಡಿಸಿ ಒಟ್ಟು 100 ಕೋಟಿ. ಅಂದ್ರೆ ನಾವು ಮಾತ್ರ ಅಲ್ಲ, ತಯಾರಕರೂ ‘ಜುಗಾಡ್’ ಮಾಡ್ತಾರೆ. ಎರಡನೆಯದು: 50 ಮೆಗಾಹರ್ಟ್ಸ್‌ನ 1052ಇ ಮತ್ತು ಅದಕ್ಕಿಂತ ದುಬಾರಿಯಾದ 100 ಮೆಗಾಹರ್ಟ್ಸ್‌ನ 1102ಇ, ಎರಡರ ಒಳಗೂ ಒಂದೇ ಬೋರ್ಡು. ಸಾಫ್ಟ್‌ವೇರು ಮಾತ್ರ ಅಗ್ಗದ ಮಾದರಿಯಲ್ಲಿ ಅಲೆಯನ್ನು ಬೇಕಂತಲೇ ಮೊಂಡು ಮಾಡುತ್ತಿತ್ತು. 2010ರಲ್ಲಿ, ಕಂಪ್ಯೂಟರಿಗೆ ಕೇಬಲ್ ಹಾಕಿ ಮಾದರಿಯ ಹೆಸರನ್ನು ಬದಲಿಸುವ ಒಂದು ಆದೇಶ ಕಳಿಸಿದರೆ ಸಾಕು, 50 ಇದ್ದದ್ದು 100 ಆಗುತ್ತೆ ಅನ್ನೋದು ಜಗಜ್ಜಾಹೀರಾಯಿತು. ಕಂಪನಿ ಹೊಸ ಫರ್ಮ್‌ವೇರಿನಲ್ಲಿ ಆ ಕಿಂಡಿ ಮುಚ್ಚಿತು. ಜನ ಹಳೇ ಫರ್ಮ್‌ವೇರಿಗೆ ಹಿಂದಕ್ಕೆ ಹೋಗಿ ಆದೇಶ ಕೊಟ್ಟು ಮತ್ತೆ ಮುಂದಕ್ಕೆ ಬಂದರು.

ಇದು ಮೋಸಾನಾ? ಯಾರದ್ದು ಮೋಸ, ಬೀಗ ಹಾಕಿದವರದ್ದಾ, ತೆಗೆದವರದ್ದಾ?

ಅರ್ಥಶಾಸ್ತ್ರದಲ್ಲಿ ಇದಕ್ಕೆ ಹಳೇ ಹೆಸರಿದೆ. ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ಯುಯಿ 1849ರಲ್ಲೇ ರೈಲಿನ ಮೂರನೇ ದರ್ಜೆಯ ಬೋಗಿಗಳ ಬಗ್ಗೆ ಬರೆದಿದ್ದ. ಚಾವಣಿ ಹಾಕಿಸಲು ಕಂಪನಿಯ ಹತ್ತಿರ ದುಡ್ಡಿಲ್ಲ ಅಂತಲ್ಲ. ಎರಡನೇ ದರ್ಜೆಯ ಟಿಕೆಟ್ ಕೊಳ್ಳಬಲ್ಲವನು ಮೂರನೆಯದರಲ್ಲಿ ಬಂದು ಕೂರದಿರಲಿ ಅಂತ ಬಡವನನ್ನು ಬಿಸಿಲು ಮಳೆಗೆ ಒಡ್ಡುವುದು. 1996ರಲ್ಲಿ ಡೆನೆಕೆರೆ ಮತ್ತು ಮೆಕಾಫಿ ಎಂಬ ಅರ್ಥಶಾಸ್ತ್ರಜ್ಞರು ಇಂಥ ಸರಕಿಗೆ ‘ಡ್ಯಾಮೇಜ್ಡ್ ಗೂಡ್ಸ್’ ಅಂತಲೇ ಹೆಸರಿಟ್ಟರು, ಬೇಕಂತಲೇ ಊನ ಮಾಡಿದ ಸರಕು. ಅವರ ಪ್ರಸಿದ್ಧ ಉದಾಹರಣೆ ಐಬಿಎಂನ ಲೇಸರ್‌ಪ್ರಿಂಟರ್ ಇ. ನಿಮಿಷಕ್ಕೆ 10 ಪುಟ ಮುದ್ರಿಸುವ ಯಂತ್ರಕ್ಕೆ ಹೆಚ್ಚುವರಿ ಚಿಪ್ ಸೇರಿಸಿ 5 ಪುಟಕ್ಕೆ ಇಳಿಸಿ ಕಡಿಮೆ ಬೆಲೆಗೆ ಮಾರಿದರು. ನಿಧಾನ ಮಾಡೋದಕ್ಕೆ ಖರ್ಚು ಜಾಸ್ತಿ!

ಮೊದಲ ಸಲ ಇದನ್ನು ಓದಿದಾಗ ನನಗೆ ಸಿಟ್ಟೇ ಬಂತು. ಆದರೆ ಅದೇ ಅರ್ಥಶಾಸ್ತ್ರಜ್ಞರು ಇನ್ನೊಂದು ಮಾತೂ ತೋರಿಸಿದ್ದಾರೆ. ಕೆಲವು ಸಂದರ್ಭದಲ್ಲಿ ಈ ಊನ ಮಾಡುವ ಆಟದಿಂದ ಎಲ್ಲರಿಗೂ ಲಾಭ. ಅಗ್ಗದ ಮಾದರಿ ಇಲ್ಲದಿದ್ದರೆ ಬಡ ಗಿರಾಕಿಗೆ ಆ ವಸ್ತುವೇ ಸಿಗುತ್ತಿರಲಿಲ್ಲ, ಕಂಪನಿ ದುಬಾರಿ ಬೆಲೆಯದನ್ನು ಮಾತ್ರ ಮಾರುತ್ತಿತ್ತು. ನೂರು ಮೆಗಾಹರ್ಟ್ಸ್ ಕೊಳ್ಳುವ ಕಾರ್ಖಾನೆ ಕೊಡುವ ಲಾಭದ ನೆರಳಿನಲ್ಲಿ ವಿದ್ಯಾರ್ಥಿಗೆ ಐವತ್ತು ಅಗ್ಗಕ್ಕೆ ಸಿಕ್ಕಿತು. ಈಗ ಎಲ್ಲರೂ ಬೀಗ ಒಡೆದರೆ ನಾಳೆ ಅಗ್ಗದ ಮಾದರಿಯೇ ಬರದೇ ಹೋಗಬಹುದಲ್ವಾ?

ಹಾಗಂತ ವಾದ ಮಾಡಬಹುದು. ಆದರೆ ಆದದ್ದು ಹಾಗಲ್ಲ. ನಾಲ್ಕು ವರ್ಷದ ನಂತರ ಅದೇ ರಿಗೋಲ್ 1054ಝಡ್ ಎಂಬ ನಾಲ್ಕು ಚಾನೆಲ್ಲಿನ ಸ್ಕೋಪನ್ನು 399 ಡಾಲರಿಗೆ ತಂದಿತು. ಅದರ ಬೀಗವೂ ಬೇಗನೇ ತೆರೆಯಿತು, 50 ಇದ್ದದ್ದು 100 ಆಯಿತು. ಅಂಗಡಿಗಳಲ್ಲಿ ಅದು ಬಿಸಿ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಹವ್ಯಾಸಿಗಳ ಮೇಜಿನ ಮೇಲೆ ಎಲ್ಲೆಲ್ಲೂ ಅದೇ. ಬೀಗ ತೆಗೆಯಬಹುದು ಅನ್ನೋದೇ ಜಾಹೀರಾತಾಗಿಬಿಟ್ಟಿತು, ಪುಕ್ಕಟೆ ಜಾಹೀರಾತು. ಕಾರ್ಖಾನೆಯವರು ಹೇಗೂ ಬೀಗ ಒಡೆಯೋದಿಲ್ಲ, ಅವರಿಗೆ ಕ್ಯಾಲಿಬ್ರೇಶನ್ ಸರ್ಟಿಫಿಕೇಟು, ಆಡಿಟ್ಟು, ಬಿಲ್ಲು ಎಲ್ಲ ಬೇಕು. ಒಡೆಯುವವರು ಹೇಗೂ ದುಬಾರಿಯದನ್ನು ಕೊಳ್ಳುತ್ತಿರಲಿಲ್ಲ. ಕಂಪನಿ ಬೇಕಂತಲೇ ಬಾಗಿಲು ಓರೆ ಮಾಡಿಟ್ಟಿತ್ತಾ? ನನ್ನ ಒಳಗಿನ ಬಿಕಾಂ ಹೌದು ಅನ್ನುತ್ತೆ. ಪುರಾವೆ ಏನೂ ನನ್ನ ಕೈಯಲ್ಲಿಲ್ಲ, ಬರೀ ಅನುಮಾನ.

ಇದೇನು ದೂರದ ಕಥೆ ಅಂದುಕೋಬೇಡಿ. ನಮ್ಮ ಬೆಂಗಳೂರಿನದೇ ಏಥರ್ ಸ್ಕೂಟರಿನಲ್ಲಿ ‘ಪ್ರೊ ಪ್ಯಾಕ್’ ಅಂತ ಬೇರೆ ದುಡ್ಡು ಕೊಟ್ಟರೆ ಇನ್ನಷ್ಟು ಸೌಲಭ್ಯ ತೆರೆದುಕೊಳ್ಳುತ್ತವೆ. ಬಿಎಂಡಬ್ಲ್ಯು 2022ರಲ್ಲಿ ಕೆಲವು ದೇಶಗಳಲ್ಲಿ ಸೀಟು ಬಿಸಿ ಮಾಡುವುದಕ್ಕೆ ತಿಂಗಳ ಬಾಡಿಗೆ ಕೇಳಿ ಬೈಸಿಕೊಂಡು ಮಾರನೇ ವರ್ಷ ಕೈಬಿಟ್ಟಿತು. ಸ್ಕೋಪಿನವರು ಈ ಪಾಠ ಇವರಿಗಿಂತ ಮುಂಚೆ ಕಲಿತಿದ್ದರು, ಅಷ್ಟೆ.

ಈಗ ಟಚ್‌ಸ್ಕ್ರೀನಿನ ಪುಟ್ಟ ಪೆಟ್ಟಿಗೆಗಳಿಗೆ ಬರೋಣ. ಇದರಲ್ಲಿ ಎರಡು ಕುಲ ಇದೆ.

ಒಂದು ಕುಲ ಆಟಿಕೆಯಿಂದ ಬೆಳೆದು ಬಂದದ್ದು. 2010ರ ಆಸುಪಾಸಿನಲ್ಲಿ ಶೆನ್‌ಜೆನ್‌ನ ಸೀಡ್ ಸ್ಟುಡಿಯೊ ಡಿಎಸ್ಒ ನ್ಯಾನೊ ಅಂತ ಜೇಬಿನಲ್ಲಿ ಹಿಡಿಯುವ ಸ್ಕೋಪು ಮಾರಿತು. ಒಂದೇ ಚಾನೆಲ್, ಸೆಕೆಂಡಿಗೆ 10 ಲಕ್ಷ ಸ್ಯಾಂಪಲ್, ಅಂದ್ರೆ ಆಡಿಯೊ ನೋಡೋಕೆ ಸಾಕು. ಆಮೇಲೆ ಬೆಸುಗೆ ಹಾಕಿ ನಾವೇ ಜೋಡಿಸಿಕೊಳ್ಳುವ ಡಿಎಸ್ಒ138 ಕಿಟ್ ಬಂತು. ಈ ವಂಶದಲ್ಲಿ ಏಳಿಂಚಿನ ಟ್ಯಾಬ್ಲೆಟ್ಟಿನಂಥ ಸ್ಕೋಪು ಅಂದರೆ ಫ್ನಿರ್ಸಿ 1013ಡಿ. ಗುಂಡಿಗಳೇ ಇಲ್ಲ, ಎಲ್ಲ ಬೆರಳಲ್ಲೇ, ಒಳಗೆ ಬ್ಯಾಟರಿ. ಮೈಮೇಲೆ 100 ಮೆಗಾಹರ್ಟ್ಸ್, ಸೆಕೆಂಡಿಗೆ 100 ಕೋಟಿ ಸ್ಯಾಂಪಲ್ ಅಂತ ಬರೆದಿತ್ತು. ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ಚಾನೆಲ್ಲಿಗೆ 20 ಕೋಟಿ ಸ್ಯಾಂಪಲ್ ಮಾತ್ರ. ಒಂದು ಅಲೆಗೆ ಐದು ಚುಕ್ಕಿಯಾದರೂ ಬೇಕು ಅಂದರೆ ಅಲ್ಲಿಗೆ 40 ಮೆಗಾಹರ್ಟ್ಸ್. ಉಳಿದದ್ದು ಪೆಟ್ಟಿಗೆಯ ಮೇಲಿನ ಮುದ್ರಣ.

ಇಲ್ಲಿ ಬಳಕೆದಾರರು ಏನು ಮಾಡಿದರು ಅನ್ನೋದು ನೋಡಿ. ಬೀಗ ಇರಲಿಲ್ಲ, ತೆಗೆಯೋಕೆ. ಇದ್ದದ್ದು ಕೆಟ್ಟ ಸಾಫ್ಟ್‌ವೇರು. ಒಬ್ಬ ಹವ್ಯಾಸಿ ಕೂತು, ಬೋರ್ಡಿನ ಒಂದೊಂದೇ ಗೆರೆ ಹಿಡಿದು ನಕ್ಷೆ ಬರೆದು, ಕಂಪನಿಯ ಫರ್ಮ್‌ವೇರನ್ನು ಬಿಡಿಸಿ ಓದಿ, ಪೂರ್ತಿ ಹೊಸದನ್ನು ಬರೆದು ಎಲ್ಲರಿಗೂ ಉಚಿತವಾಗಿ ಇಟ್ಟ. ಒಳಗಿನ ಆಲ್‌ವಿನ್ನರ್ ಪ್ರೊಸೆಸರು ಎಸ್‌ಡಿ ಕಾರ್ಡಿನಿಂದ ಬೂಟ್ ಆಗುವ ಜಾತಿಯದ್ದು. ಹಾಗಾಗಿ ಹೊಸ ಫರ್ಮ್‌ವೇರನ್ನು ಕಾರ್ಡಿಗೆ ಬರೆದುಕೊಂಡು ನೋಡಬಹುದು, ಬೇಡವಾದರೆ ಹಿಂದಕ್ಕೆ ಹೋಗಬಹುದು. ಸುಳ್ಳು ಲೇಬಲ್ಲನ್ನು ಸಾಫ್ಟ್‌ವೇರು ನಿಜ ಮಾಡಲಾರದು. 20 ಕೋಟಿ 20 ಕೋಟಿಯೇ. ಆದರೆ ಇರುವ 20 ಕೋಟಿಯನ್ನು ಸರಿಯಾಗಿ ತೋರಿಸಬಹುದು. ಬೀಗ ತೆಗೆಯುವವರಿಗಿಂತ ಇಂಥವರ ಮೇಲೆ ನನಗೆ ಹೆಚ್ಚು ಗೌರವ.

ಇನ್ನೊಂದು ಕುಲ ಪ್ರಯೋಗಾಲಯದ ಯಂತ್ರ ಕುಗ್ಗಿ ಕುಗ್ಗಿ ಚಿಕ್ಕದಾದದ್ದು. 2023ರಲ್ಲಿ ಬಂದ ರಿಗೋಲ್ ಡಿಎಚ್‌ಒ800 ಸರಣಿ ಇದರ ಮುಖ್ಯ ಹೆಸರು. ದೊಡ್ಡ ಡಿಕ್ಷನರಿಯಷ್ಟಗಲ, ಎರಡು ಕಿಲೋ ಒಳಗಿನ ತೂಕ, ಏಳಿಂಚಿನ ಪರದೆ, ಒಳಗೆ ಆಂಡ್ರಾಯ್ಡ್, ಕರೆಂಟು ಯುಎಸ್‌ಬಿ-ಸಿ ತೂತಿನಿಂದ. ಹಳೇ ಸ್ಕೋಪುಗಳು ಎತ್ತರವನ್ನು 256 ಮೆಟ್ಟಿಲಲ್ಲಿ ಅಳೆಯುತ್ತಿದ್ದರೆ ಇದು 12 ಬಿಟ್, ಅಂದ್ರೆ 4096 ಮೆಟ್ಟಿಲು. ಇದರಲ್ಲೂ ಅದೇ ಹಳೇ ಆಟ: 70 ಮೆಗಾಹರ್ಟ್ಸ್‌ನ 804 ಎಂಬ ಅಗ್ಗದ ಮಾದರಿ, 250 ಮೆಗಾಹರ್ಟ್ಸ್‌ನ 924 ಎಂಬ ದುಬಾರಿ ಮಾದರಿ. ಒಳಗಿನ ಒಂದು ಪುಟ್ಟ ಕಡತದಲ್ಲಿ ಮಾದರಿಯ ಹೆಸರು ಬದಲಾದರೆ 804 ಎದ್ದು ನಿಂತು ನಾನು 924 ಅನ್ನುತ್ತೆ. ಹದಿಮೂರು ವರ್ಷದ ಹಿಂದಿನ ಕಥೆಯೇ, ಪಾತ್ರಧಾರಿಗಳು ಮಾತ್ರ ಬೇರೆ.

ಆದರೆ ಈ ಸಲ ಬೀಗ ತೆಗೆದವರಿಗೆ ಒಂದು ತೊಡಕು ಕಾದಿತ್ತು. ಈ ಸ್ಕೋಪಿನ ಸ್ಯಾಂಪ್ಲಿಂಗು ಸೆಕೆಂಡಿಗೆ 125 ಕೋಟಿ. ಅದು ಒಂದೇ ಚಾನೆಲ್ ಆನ್ ಇದ್ದಾಗ. ನಾಲ್ಕೂ ಆನ್ ಮಾಡಿದರೆ ಅದೇ ರೊಟ್ಟಿ ನಾಲ್ಕು ಪಾಲು, ಒಂದೊಂದಕ್ಕೆ 31.25 ಕೋಟಿ. ಸ್ಯಾಂಪ್ಲಿಂಗಿನ ಅರ್ಧಕ್ಕಿಂತ ಹೆಚ್ಚಿನ ಆವೃತ್ತಿಯ ಅಲೆ ಒಳಗೆ ಬಂದರೆ ಅದು ವೇಷ ಮರೆಸಿಕೊಂಡು, ಇಲ್ಲದ ನಿಧಾನದ ಅಲೆಯಾಗಿ ಕಾಣುತ್ತೆ. ಸಿನಿಮಾದಲ್ಲಿ ಗಾಡಿ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣಲ್ವಾ, ಹಾಗೆ. ಇಲ್ಲಿ ಆ ಅರ್ಧ ಅಂದರೆ 156 ಮೆಗಾಹರ್ಟ್ಸ್. ಬಾಗಿಲನ್ನು 250ಕ್ಕೆ ತೆರೆದಿಟ್ಟರೆ, ನಾಲ್ಕು ಚಾನೆಲ್ಲಿನಲ್ಲಿ ಕಾಣುವ ಚಿತ್ರ ಸುಳ್ಳಾಗಬಹುದು. 70ರ ಬೀಗ ಇದ್ದಾಗ ಈ ಅಪಾಯ ಕಡಿಮೆ ಇತ್ತು. ಅಂದ್ರೆ ಕೆಲವು ಬೀಗ ಬರೀ ದುಡ್ಡಿಗಲ್ಲ. ಇದನ್ನು ತಿಳಿದವರು, ನಾಲ್ಕು ಚಾನೆಲ್ ಬೇಕಾದಾಗ ಮೆನುವಿನಲ್ಲಿ 20 ಮೆಗಾಹರ್ಟ್ಸ್ ಮಿತಿಯನ್ನು ತಾವೇ ಹಾಕಿಕೊಳ್ಳುತ್ತಾರೆ. ಬೀಗ ಒಡೆದು ಒಳಗೆ ಹೋಗಿ ಚಿಲಕ ಹಾಕಿಕೊಂಡ ಹಾಗೆ!

ದಿನನಿತ್ಯದ ಕಿರಿಕಿರಿಗಳೂ ಇವೆ. ಆಂಡ್ರಾಯ್ಡ್ ಆದ್ದರಿಂದ ಸ್ವಿಚ್ ಒತ್ತಿದ ಕೂಡಲೇ ಏಳಲ್ಲ, ಫೋನಿನ ಹಾಗೆ ಕಾಯಬೇಕು. ಹಳೇ ಸಿಆರ್‌ಒ ಬಿಸಿಯಾಗುವ ತನಕ ಕಾಯುತ್ತಿದ್ದವರಿಗೆ ಇದು ಹೊಸದೇನಲ್ಲ. ಫ್ಯಾನಿನ ಸದ್ದು ಅಂತ ಬಿಚ್ಚಿ ಬೇರೆ ಮೌನದ ಫ್ಯಾನ್ ಹಾಕಿಕೊಂಡವರು ಬಹಳ. ನಾಲ್ಕು ಚಾನೆಲ್ಲಿಗೂ ಸೇರಿ ಎತ್ತರ ಹೊಂದಿಸುವ ಗುಂಡಿ ಒಂದೇ ಜೊತೆ, ಯಾವ ಚಾನೆಲ್ ಆಯ್ಕೆಯಾಗಿದೆ ಅಂತ ನೋಡದೆ ತಿರುಗಿಸಿ ಬೈದುಕೊಳ್ಳುವುದು ಮಾಮೂಲು. ಎಲ್ಲಕ್ಕಿಂತ ದೊಡ್ಡ ತಕರಾರು ಬೆರಳಿನದ್ದೇ. ಒಂದು ಕೈಯಲ್ಲಿ ಪ್ರೋಬ್, ಇನ್ನೊಂದು ಕೈಯಲ್ಲಿ ಅಲುಗಾಡುವ ಬೋರ್ಡು ಹಿಡಿದವನು ಪರದೆಯ ಮೂಲೆಯ ಕಾಳಿನಷ್ಟು ಚಿಹ್ನೆಯನ್ನು ಮುಟ್ಟೋದು ಯಾವುದರಲ್ಲಿ? ಗುಂಡಿಯಾದರೆ ನೋಡದೆಯೂ ತಡಕಿ ತಿರುಗಿಸಬಹುದಿತ್ತು. ಗಾಜಿನ ಮೇಲೆ ತಡಕುವುದಕ್ಕೇನಿದೆ? ಇದಕ್ಕೆ ಜನ ಕಂಡುಕೊಂಡ ಉಪಾಯ ಯುಎಸ್‌ಬಿ ಮೌಸು. ಟಚ್‌ಸ್ಕ್ರೀನಿಗೆ ದುಡ್ಡು ಕೊಟ್ಟು, ಇನ್ನೂರು ರೂಪಾಯಿಯ ಮೌಸ್ ಸಿಕ್ಕಿಸಿ ಬಳಸುವುದು.

ಇಷ್ಟೆಲ್ಲ ಹೇಳಿ ಆ ಕೊಯ್ದ ಪಿನ್ನಿನ ವಿಷಯಕ್ಕೆ ಬರದೇ ಹೋದರೆ ಹೇಗೆ. ಇದು ಸ್ವಲ್ಪ ಗಮನ ಕೊಟ್ಟು ಕೇಳಿ, ಯಾಕಂದ್ರೆ ಇದರಲ್ಲಿ ಜೀವ ಹೋಗುತ್ತೆ.

ಸ್ಕೋಪಿನ ಪ್ರೋಬಿಗೆ ಎರಡು ತುದಿ. ಒಂದು ಅಳೆಯುವ ಮೊನೆ, ಇನ್ನೊಂದು ಮೊಸಳೆ ಬಾಯಿಯ ಗ್ರೌಂಡ್ ಕ್ಲಿಪ್ಪು. ಗೋಡೆಗೆ ಸಿಕ್ಕಿಸುವ ಸ್ಕೋಪಿನಲ್ಲಿ ಆ ಕ್ಲಿಪ್ಪು ಯಂತ್ರದ ಮೈಗೆ, ಮೈ ಅರ್ಥ್ ಪಿನ್ನಿಗೆ, ಪಿನ್ನು ಭೂಮಿಗೆ ಸೇರಿರುತ್ತೆ. ನಿಮ್ಮ ಫೋನ್ ಚಾರ್ಜರು, ಟಿವಿ, ಇಂಡಕ್ಷನ್ ಒಲೆ, ಇವೆಲ್ಲದರ ಒಳಗೆ 230 ವೋಲ್ಟಿನ ಎಸಿ ನೇರವಾಗಿ ಡಯೋಡುಗಳ ಮೂಲಕ ಹಾದು ಸುಮಾರು 325 ವೋಲ್ಟಿನ ಡಿಸಿ ಆಗುತ್ತೆ. ಆ ಬೋರ್ಡಿನ ಮೈನಸ್ ಗೆರೆ ನೋಡೋಕೆ ಗ್ರೌಂಡ್ ಥರ ಇರುತ್ತೆ, ಆದರೆ ಅದು ಭೂಮಿ ಅಲ್ಲ, ಡಯೋಡಿನ ಮೂಲಕ ಲೈನಿಗೆ ಸೇರಿರುವ ಜೀವಂತ ಗೆರೆ. ಅಲ್ಲಿಗೆ ಕ್ಲಿಪ್ಪು ಕಚ್ಚಿಸಿದರೆ ಲೈನಿನಿಂದ ಭೂಮಿಗೆ ನೇರ ಶಾರ್ಟ್. ಢಮ್ ಅಂತ ಡಯೋಡು, ಟ್ರ್ಯಾಕು, ಕೆಲವು ಸಲ ಸ್ಕೋಪು ಎಲ್ಲ ಹೋಗುತ್ತೆ.

ಇದಕ್ಕೆ ಜಗತ್ತಿನಾದ್ಯಂತ ಟಿವಿ ರಿಪೇರಿಯವರು ಕಂಡುಕೊಂಡ ಅಡ್ಡದಾರಿ, ಸ್ಕೋಪಿನ ಅರ್ಥ್ ಪಿನ್ ಕೊಯ್ಯೋದು. ಈಗ ಶಾರ್ಟ್ ಇಲ್ಲ, ಅಳತೆ ಬರುತ್ತೆ. ಆದರೆ ಸ್ಕೋಪಿನ ಇಡೀ ಲೋಹದ ಮೈ, ಗುಂಡಿಗಳ ಸ್ಕ್ರೂ, ಪ್ರೋಬ್ ಸಿಕ್ಕಿಸುವ ತೂತಿನ ಉಂಗುರ, ಎಲ್ಲವೂ ಆ ಜೀವಂತ ಗೆರೆಯದ್ದೇ ವೋಲ್ಟೇಜಿನಲ್ಲಿ ನಿಂತಿರುತ್ತೆ. ಒಂದು ಕೈ ಸ್ಕೋಪಿನ ಮೇಲೆ, ಇನ್ನೊಂದು ಕೈ ಕಬ್ಬಿಣದ ಮೇಜಿನ ಮೇಲೆ. ಅಂಗಡಿಯ ಅಣ್ಣನಿಗೆ ಆದದ್ದು ಇದೇ. ಹೆಬ್ಬೆರಳು ಮೈಗೆ ತಾಗಿತ್ತು, ಮೊಣಕೈ ಕಿಟಕಿ ಸರಳಿಗೆ. ‘ಎರಡು ದಿನ ಕೈ ಎತ್ತೋಕಾಗಿಲ್ಲ ಮೇಡಂ. ಆಮೇಲೂ ಅದರಲ್ಲೇ ಕೆಲಸ ಮಾಡ್ದೆ, ಬೇರೆ ಏನ್ ಮಾಡ್ಲಿ’ ಅಂದರು. ಸರಿಯಾದ ದಾರಿ ಗೊತ್ತಿರಲಿಲ್ಲ ಅಂತಲ್ಲ. ರಿಪೇರಿಗೆ ಬಂದ ಬೋರ್ಡಿಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರಿನಿಂದ ಕರೆಂಟು ಕೊಡಬೇಕು, ಸ್ಕೋಪಿನ ಅರ್ಥ್ ಹಾಗೇ ಇರಬೇಕು. ಆದರೆ ದಪ್ಪ ಟ್ರಾನ್ಸ್‌ಫಾರ್ಮರು ದುಡ್ಡೂ ಹೌದು, ಜಾಗವೂ ಹೌದು. ಎರಡೂ ಆ ಅಂಗಡಿಯಲ್ಲಿ ಇರಲಿಲ್ಲ.

ಹಾಗಾದರೆ ಬ್ಯಾಟರಿಯ ಟಚ್‌ಸ್ಕ್ರೀನ್ ಸ್ಕೋಪು ಬಂತಲ್ಲ, ಕಷ್ಟ ಕಳೆಯಿತಲ್ಲ? ಬಹಳ ಜನ ಹಾಗೇ ತಿಳಿದಿದ್ದಾರೆ. ಅರ್ಧ ಸರಿ. ಗೋಡೆಗೆ ಸಂಬಂಧ ಇಲ್ಲದ್ದರಿಂದ ಶಾರ್ಟ್ ಆಗಲ್ಲ, ಪ್ಲಾಸ್ಟಿಕ್ ಮೈ, ಗಾಜಿನ ಪರದೆ. ಆದರೆ ಪ್ರೋಬ್ ತೂತಿನ ಉಂಗುರ ಇನ್ನೂ ಲೋಹವೇ. ಯುಎಸ್‌ಬಿ ತೂತಿನ ಕವಚವೂ ಲೋಹ, ಅದೇ ಗ್ರೌಂಡಿಗೆ ಸೇರಿರುತ್ತೆ. ಎರಡು ಚಾನೆಲ್ಲಿನ ಕ್ಲಿಪ್ಪುಗಳು ಒಳಗೆ ಒಂದೇ ತಂತಿ. ಒಂದನ್ನು ಜೀವಂತ ಗೆರೆಗೆ ಕಚ್ಚಿಸಿದರೆ ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಇನ್ನೊಂದು ಕ್ಲಿಪ್ಪೂ 325 ವೋಲ್ಟು. ಅಳೆಯುತ್ತಿರುವಾಗಲೇ ಚಾರ್ಜರ್ ಸಿಕ್ಕಿಸಿದರೆ, ಅಥವಾ ಚಿತ್ರ ಇಳಿಸಿಕೊಳ್ಳೋಣ ಅಂತ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿದರೆ, ಮತ್ತೆ ಅದೇ ಢಮ್, ಈ ಸಲ ಲ್ಯಾಪ್‌ಟಾಪಿನ ಸಮೇತ.

ಎರಡು ಪಿನ್ನಿನ ಚಾರ್ಜರಿನಿಂದ ನಡೆಯುವ ಸ್ಕೋಪುಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಲ್ಯಾಪ್‌ಟಾಪ್ ಚಾರ್ಜಿಗಿಟ್ಟು ಅದರ ಲೋಹದ ಮೈ ಸವರಿದಾಗ ಜುಮ್ ಅನ್ನುತ್ತಲ್ಲ, ಆ ಸೋರಿಕೆ ಸ್ಕೋಪಿನಲ್ಲೂ ಇರುತ್ತೆ. ಮನುಷ್ಯನಿಗೆ ಅದರಿಂದ ಏನೂ ಆಗದಿರಬಹುದು, ನಾಜೂಕಾದ ಚಿಪ್ಪಿಗೆ ಆಗಬಹುದು. ಹಾಗಾಗಿ ಅನುಭವಸ್ಥರು ಸ್ಕೋಪಿನ ಗ್ರೌಂಡಿನಿಂದ ಒಂದು ತಂತಿ ಎಳೆದು ನಿಜವಾದ ಅರ್ಥಿಗೆ ಕಟ್ಟುತ್ತಾರೆ. ನೋಡಿ ಸ್ವಾರಸ್ಯ: ತಾತಂದಿರು ಅರ್ಥ್ ಕೊಯ್ದರು, ಮೊಮ್ಮಕ್ಕಳು ಕಟ್ಟಿಕೊಳ್ಳುತ್ತಿದ್ದಾರೆ.

ಡಿಫರೆನ್ಷಿಯಲ್ ಪ್ರೋಬ್ ಕೊಳ್ಳಲು ಆಗದವರಿಗೆ ಒಂದು ಸುರಕ್ಷಿತ ಉಪಾಯ ಹಳೇ ಕಾಲದಿಂದಲೂ ಇದೆ. ಎರಡು ಪ್ರೋಬ್ ತಗೊಂಡು, ಎರಡನ್ನೂ 10ಎಕ್ಸ್‌ಗೆ ಇಟ್ಟು, ಕ್ಲಿಪ್ಪುಗಳನ್ನು ಬೋರ್ಡಿಗೆ ಕಚ್ಚಿಸದೆ ಒಂದಕ್ಕೊಂದು ಸೇರಿಸಿ, ಎರಡು ಮೊನೆಗಳನ್ನು ಬೇಕಾದ ಎರಡು ಬಿಂದುವಿಗೆ ಮುಟ್ಟಿಸಿ, ಮೆನುವಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಿರಿ ಅನ್ನೋದು. ಪ್ರೋಬಿನ ಮೇಲೆ ಬರೆದ ವೋಲ್ಟೇಜ್ ಮಿತಿ ದಾಟಬಾರದು ಅಷ್ಟೆ. 256 ಮೆಟ್ಟಿಲಿನ ಸ್ಕೋಪಿನಲ್ಲಿ ಎರಡು ದೊಡ್ಡ ಸಂಖ್ಯೆ ಕಳೆದಾಗ ಉಳಿಯುವ ಚಿಕ್ಕ ವ್ಯತ್ಯಾಸ ಒರಟಾಗಿ ಕಾಣುತ್ತಿತ್ತು. 4096 ಮೆಟ್ಟಿಲು ಬಂದ ಮೇಲೆ ಅದು ನಯವಾಗಿದೆ. ಹೊಸ ಪೆಟ್ಟಿಗೆಗಳಿಂದ ರಿಪೇರಿಯವನಿಗೆ ಆದ ನಿಜವಾದ ಉಪಕಾರ ಇದು ಅನ್ನಿಸುತ್ತೆ ನನಗೆ, 250 ಮೆಗಾಹರ್ಟ್ಸ್ ಅಲ್ಲ.

ಅಡಾಪ್ಟರ್ ತಗೊಳ್ಳೋಕೆ ಎರಡನೇ ಸಲ ಹೋದಾಗ ಅಣ್ಣನನ್ನು ಕೇಳಿದೆ, ನಿಮ್ಮ ಟಚ್ ಸ್ಕೋಪಿನ ಬೀಗ ತೆಗೆದಿದ್ದೀರಾ ಅಂತ. ನಕ್ಕರು. ‘ಹುಡುಗರು ಬಂದು ಮಾಡಿಕೊಡ್ತೀವಿ ಅಂದ್ರು. ಯಾಕ್ ಮೇಡಂ? ಈ ಎಸ್‌ಎಂಪಿಎಸ್‌ಗಳೆಲ್ಲ ನೂರು ಕಿಲೋಹರ್ಟ್ಸ್ ಆಸುಪಾಸು. ಮೆಗಾ ಅಲ್ಲ, ಕಿಲೋ. ಇರೋದೇ ನಂಗೆ ಜಾಸ್ತಿ.’ ಉಳಿದ ದುಡ್ಡಲ್ಲಿ ಏನು ಮಾಡಿದರು ಅಂತ ಮೇಜಿನ ಕೆಳಗೆ ಬೊಟ್ಟು ಮಾಡಿ ತೋರಿಸಿದರು. ಸೆಕೆಂಡ್ ಹ್ಯಾಂಡ್ ಐಸೊಲೇಶನ್ ಟ್ರಾನ್ಸ್‌ಫಾರ್ಮರು, ಸ್ಟೂಲಿನ ಜಾಗದಲ್ಲಿ ಕೂತಿತ್ತು. ಅವರು ಈಗ ಅದರ ಮೇಲೇ ಒಂದು ದಿಂಬು ಹಾಕಿಕೊಂಡು ಕೂರುತ್ತಾರೆ. ಹಳೇ ಸಿಆರ್‌ಒ ಪ್ಲಗ್ಗಿನಲ್ಲಿ ಮಾತ್ರ ಇನ್ನೂ ಎರಡೇ ಪಿನ್ನು. ಬದಲಾಯಿಸ್ತೀನಿ ಅಂದಿದ್ದಾರೆ.

ನನ್ನ ಅಡಾಪ್ಟರಿಗೆ ನೂರೈವತ್ತು ರೂಪಾಯಿ ತಗೊಂಡರು. ನೀವೀಗ ಕೇಳುತ್ತಿರುವ ದನಿ ಅದರಿಂದಲೇ ಬರ್ತಿದೆ.